ಟೈಟಾನಿಯಂ ಸೈಕಲ್: ಲೋಹಕ್ಕಿಂತ ಮೊದಲು ನಕ್ಷೆ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ ಕೃಷಿಕ, ವಯಸ್ಸು 46. ಎತ್ತರ 168 ಸೆಂ.ಮೀ., ತೂಕ 74 ಕಿಲೋ. ಕಾಲು ಗಿಡ್ಡ, ಬೆನ್ನು ಉದ್ದ. ನಾಲ್ಕು ವರ್ಷದಿಂದ ಅಲ್ಯುಮಿನಿಯಂ ರೋಡ್ ಬೈಕ್ ತುಳಿಯುತ್ತಿದ್ದೇನೆ. 200 ಮತ್ತು 300 ಕಿ.ಮೀ. ಬ್ರೆವೆ (ನಿಗದಿತ ಅವಧಿಯೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸಿದ್ದೇನೆ. 150 ಕಿ.ಮೀ. ದಾಟಿದ ಮೇಲೆ ಕೈಬೆರಳು ಜೋಮು ಹಿಡಿಯುತ್ತದೆ. ಅಳತೆ ಕೊಟ್ಟು ಟೈಟಾನಿಯಂ ಫ್ರೇಮ್ ಮಾಡಿಸೋಣವೆಂದು ಮೂರು ಲಕ್ಷ ತೆಗೆದಿಟ್ಟಿದ್ದೇನೆ. 3-2.5 ಗ್ರೇಡ್ ಒಳ್ಳೆಯದೋ 6-4 ಒಳ್ಳೆಯದೋ? ಅಮೆರಿಕದ್ದೋ ಚೀನಾದ್ದೋ? ಅಥವಾ ಕಾರ್ಬನ್ನೇ ಸಾಕೋ? ಫ್ರೇಮಿನ ಮೇಲೆ ಕನ್ನಡದಲ್ಲಿ ಹೆಸರು ಬರೆಸಬಹುದೋ? ಈ ದುಡ್ಡಿಗೆ ಮೂರು ಸ್ಕೂಟರ್ ಬರುತ್ತದೆ ಎಂದು ಮನೆಯವಳು ಹೇಳುತ್ತಿದ್ದಾಳೆ.

ಉತ್ತರ: ಮನೆಯವರ ಲೆಕ್ಕ ಸರಿಯಾಗಿಯೇ ಉಂಟು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಉಳಿದದ್ದನ್ನು ನೋಡುವ.

ನೀವು ಬರೆದದ್ದರಲ್ಲಿ ಗ್ರೇಡಿನ ಹೆಸರು ಎರಡು ಉಂಟು, ದೇಶದ ಹೆಸರು ಎರಡು ಉಂಟು. ನಿಮ್ಮ ಸೀಟಿನಿಂದ ಹ್ಯಾಂಡಲಿಗೆ ಎಷ್ಟು ದೂರ ಎಂಬುದು ಮಾತ್ರ ಎಲ್ಲೂ ಇಲ್ಲ. ಕೇಳುವವರೆಲ್ಲ ಹೀಗೆಯೇ ಕೇಳುವುದು, ನಿಮ್ಮೊಬ್ಬರ ತಪ್ಪಲ್ಲ. ಆದರೆ ಅಳತೆಯ ಫ್ರೇಮ್ ಮಾಡಿಸುವಾಗ ನೀವು ದುಡ್ಡು ಕೊಡುವುದು ಒಂದು ನಕ್ಷೆಗೆ. ಬೆಸುಗೆಗೆ ಕೈ ಹಚ್ಚುವ ಮೊದಲು ಕಟ್ಟುವವರು ಆ ನಕ್ಷೆಯನ್ನು ನಿಮಗೆ ಕಳುಹಿಸುತ್ತಾರೆ, ನೀವು ಒಪ್ಪಿಗೆ ಕೊಡುತ್ತೀರಿ. ಅದರಲ್ಲಿ ತಪ್ಪಿದ್ದರೆ ಫ್ರೇಮಿನಲ್ಲೂ ತಪ್ಪಿರುತ್ತದೆ, ಹೊಣೆ ನಿಮ್ಮದು. ಟೈಟಾನಿಯಂ ತುಕ್ಕು ಹಿಡಿಯುವ ವಸ್ತುವಲ್ಲವಾದ್ದರಿಂದ ಆ ತಪ್ಪು ನಿಮ್ಮ ಮಕ್ಕಳ ಕಾಲಕ್ಕೂ ಹೊಸದರಂತೆ ಹೊಳೆಯುತ್ತಿರುತ್ತದೆ.

ಮೊದಲು ಕೈ ಜೋಮಿನ ವಿಷಯ. ಅದಕ್ಕೆ ಲೋಹ ಮದ್ದಲ್ಲ. ಜೋಮು ಎಂದು ನನ್ನ ಸೈಕಲ್ ಅಂಗಡಿಗೆ ಬಂದವರ ಸೈಕಲ್ಲನ್ನು ಗೋಡೆಗೆ ಒರಗಿಸಿ ನೋಡಿದರೆ ಹೆಚ್ಚಾಗಿ ಸೀಟಿನ ಮೂಗು ಕೆಳಗೆ ಬಾಗಿರುತ್ತದೆ. ಮೂಗು ಕೆಳಗಾದರೆ ದೇಹ ಮುಂದಕ್ಕೆ ಜಾರುತ್ತದೆ, ಜಾರದಂತೆ ತಡೆಯುವ ಕೆಲಸ ಅಂಗೈಗೆ ಬೀಳುತ್ತದೆ. ಕಿರುಬೆರಳು, ಉಂಗುರ ಬೆರಳು ಎರಡೇ ಜೋಮಾಗುವುದಾದರೆ ಅಂಗೈಯ ಹೊರಬದಿಯಲ್ಲಿ ಹಾದುಹೋಗುವ ನರ ಒತ್ತಿಹೋಗಿದೆ ಎಂದರ್ಥ. ಮೊಬೈಲಿನ ಮಟ್ಟ ನೋಡುವ ಆ್ಯಪನ್ನು ಸೀಟಿನ ಮೇಲೆ ಇಟ್ಟು ಸಮ ಮಾಡಿ. ಟಯರಿನ ಗಾಳಿಯನ್ನೂ ನೋಡಿ. 25 ಮಿ.ಮೀ. ಟಯರಿಗೆ 110 ಪಿ.ಎಸ್.ಐ. ತುಂಬಿಸಿ, ಚೆರ್ಕಳದಿಂದ ಜಾಲ್ಸೂರಿಗೆ ಹೋಗಿ ಬಂದು, ಅಲ್ಯುಮಿನಿಯಂ ಗಡಸು ಮಾರಾಯ್ರೇ ಎಂದು ದೂರುವವರಿದ್ದಾರೆ. ಆ ಗಾಳಿಗೆ ಯಾವ ಲೋಹವೂ ಗಡಸೇ. ಫ್ರೇಮಿನ ಹಿಂದಿನ ತ್ರಿಕೋನ ಮೇಲಿನಿಂದ ಕೆಳಕ್ಕೆ ಬಗ್ಗುವುದು ಹೆಚ್ಚೆಂದರೆ ಒಂದು ಮಿಲಿಮೀಟರಿನ ಆಸುಪಾಸು. ಟಯರು ಹಲವು ಮಿಲಿಮೀಟರ್ ತಗ್ಗುತ್ತದೆ. ನಿಮ್ಮ ತೂಕಕ್ಕೆ 32 ಮಿ.ಮೀ. ಟಯರ್, 60ರ ಆಸುಪಾಸು ಗಾಳಿ ಸಾಕು. ನಿಮ್ಮ ಈಗಿನ ಫ್ರೇಮಿನಲ್ಲಿ 32 ಹಿಡಿಯದೇ ಇರಬಹುದು, ಹಿಡಿಯುವಷ್ಟು ದಪ್ಪದ್ದನ್ನು ಹಾಕಿ. ಇಷ್ಟಕ್ಕೇ ಜೋಮು ಹೋದರೆ ಮೂರು ಲಕ್ಷದ ಮಾತನ್ನು ಇನ್ನೊಮ್ಮೆ ಯೋಚಿಸಬಹುದು.

ಜೋಮು ಹೋದರೂ ನಿಮಗೆ ಅಳತೆಯ ಫ್ರೇಮ್ ಮಾಡಿಸಲಿಕ್ಕೆ ಒಂದು ನ್ಯಾಯವಾದ ಕಾರಣ ಉಂಟು, ಅದು ಗಿಡ್ಡ ಕಾಲು ಮತ್ತು ಉದ್ದ ಬೆನ್ನು. ಅಂಗಡಿಯ ಸೈಕಲಿನಲ್ಲಿ ಕಾಲಿಗೆ ಸರಿಯಾದ ಸೈಜ್ ತೆಗೆದುಕೊಂಡರೆ ಉದ್ದ ಸಾಲುವುದಿಲ್ಲ, ಬೆನ್ನಿಗೆ ಸರಿಯಾದ್ದನ್ನು ತೆಗೆದುಕೊಂಡರೆ ಮೇಲಿನ ಪೈಪ್ ತೊಡೆ ಸಂದಿಗೆ ತಾಗುತ್ತದೆ. ಉದ್ದ ಸಾಲದವರು 120 ಮಿ.ಮೀ. ಸ್ಟೆಮ್ (ಹ್ಯಾಂಡಲನ್ನು ಫ್ರೇಮಿನ ಮುಂಭಾಗಕ್ಕೆ ಹಿಡಿದಿಡುವ ತುಂಡು) ಹಾಕಿ, ಸೀಟನ್ನು ಹಳಿಯ ಕೊನೆಯವರೆಗೆ ಹಿಂದಕ್ಕೆ ತಳ್ಳಿ ಹೇಗೋ ಸುಧಾರಿಸುತ್ತಾರೆ. ನಿಮ್ಮ ಸೈಕಲ್ಲೂ ಹಾಗೆಯೇ ಇದ್ದರೆ ನನಗೆ ಆಶ್ಚರ್ಯವಿಲ್ಲ. ಎತ್ತರವೂ ಕಾಲೂ ಸಾಮಾನ್ಯ ಪ್ರಮಾಣದಲ್ಲಿ ಇರುವವರು ಟೈಟಾನಿಯಂ ಬೇಕೆಂದರೆ ಸಿದ್ಧ ಸೈಜಿನ ಫ್ರೇಮೇ ತೆಗೆದುಕೊಳ್ಳಲಿ ಎಂದು ನಾನು ಹೇಳುತ್ತೇನೆ. ನಿಮಗೆ ಹಾಗೆ ಹೇಳುವುದಿಲ್ಲ.

ಕಾಲು ಗಿಡ್ಡ ಎಂದಿರಿ, ಎಷ್ಟು ಗಿಡ್ಡ? ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆಯ ಸಂದಿಗೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಸೀಟು ಒತ್ತುವಷ್ಟು ಗಟ್ಟಿಯಾಗಿ. ಪುಸ್ತಕದ ಮೇಲಂಚನ್ನು ಗೋಡೆಯ ಮೇಲೆ ಬೇರೆಯವರು ಗುರುತು ಹಾಕಲಿ. ಮೂರು ಸಲ ಅಳೆದು ನಡುವಿನ ಅಂಕಿ ಬರೆದಿಡಿ. ಪ್ಯಾಂಟಿನ ಅಳತೆ ಇದಕ್ಕೆ ಆಗುವುದಿಲ್ಲ, ದರ್ಜಿ ಬಿಡುವ ಸಡಿಲ ಬೇರೆ. ನಿಮ್ಮ ಎತ್ತರದವರಿಗೆ 78 ಸೆಂ.ಮೀ. ಆಸುಪಾಸು ಬರುವುದು ವಾಡಿಕೆ. ನಿಮ್ಮದು 75 ಬಂತೆಂದು ಇಟ್ಟುಕೊಳ್ಳುವ. ಅದನ್ನು 0.883ರಿಂದ ಗುಣಿಸಿದರೆ 66.2. ಪೆಡಲಿನ ಎರಡು ಕೈಗಳು, ಎಂದರೆ ಕ್ರ್ಯಾಂಕುಗಳು, ಸೇರುವ ಅಚ್ಚಿನ (ಮುಂದೆ ಪೆಡಲ್ ಅಚ್ಚು ಎನ್ನುವುದು ಇದನ್ನೇ) ನಡುವಿನಿಂದ ಸೀಟಿನ ಮೇಲ್ಮೈಗೆ ಅಷ್ಟು ಸೆಂಟಿಮೀಟರ್. ಇದು ಹಳೆಯ ಸೂತ್ರ, ಶುರು ಮಾಡಲಿಕ್ಕೆ ಒಳ್ಳೆಯದು. ಅಲ್ಲಿಂದ ಮೇಲೆ ಕೆಳಗೆ ಐದೈದು ಮಿಲಿಮೀಟರ್ ಸರಿಸಿ, ಒಂದೊಂದು ವಾರ ತುಳಿದು ನೋಡಬೇಕು. ಕ್ರ್ಯಾಂಕಿನ ಉದ್ದವನ್ನೂ ನೋಡಿ. ಈ ಕಾಲಿಗೆ 172.5 ಮಿ.ಮೀ. ಜಾಸ್ತಿ ಆಯಿತು, 165 ಹಾಕಿ. ಮೇಲೆ ಬಂದ ಮೊಣಕಾಲು ಹೊಟ್ಟೆಗೆ ತಾಗುವುದು ನಿಲ್ಲುತ್ತದೆ. ನಮ್ಮ ವಯಸ್ಸಿನಲ್ಲಿ ಹೊಟ್ಟೆಯೂ ಒಂದು ಅಳತೆಯೇ.

ಹೊಸ ಫ್ರೇಮಿನ ಅಂಕಿಗಳು ಹುಟ್ಟಬೇಕಾದ್ದು ಈ ಹಳೆಯ ಅಲ್ಯುಮಿನಿಯಂ ಸೈಕಲಿನ ಮೇಲೆ. ಕೋನ ಬದಲಿಸಬಹುದಾದ ಅಗ್ಗದ ಸ್ಟೆಮ್ ಒಂದು ಸಿಗುತ್ತದೆ. ನೋಡಲು ಚಂದವಿಲ್ಲ, ಭಾರ ಬೇರೆ. ಅದನ್ನು ಹಾಕಿ ನಾಲ್ಕು ತಿಂಗಳು ತುಳಿಯಿರಿ. ಕುಂಬಳೆಯಿಂದ ತಲಪಾಡಿವರೆಗಿನ ಸಪಾಟು ಹೆದ್ದಾರಿಯಲ್ಲೂ, ರಾಣಿಪುರದ ಏರಿನಲ್ಲೂ, ಒಂದು ಪೂರ್ತಿ 300ರಲ್ಲೂ. ಅರ್ಧ ಗಂಟೆಗೆ ಹಿತವಾದ ಭಂಗಿ ಹದಿನಾರನೇ ಗಂಟೆಗೆ ಹಿತವಾಗಿರುವುದಿಲ್ಲ. 300ಕ್ಕೆ ಇರುವ ಅವಧಿಯೇ 20 ಗಂಟೆ, 600ಕ್ಕೆ 40. ಭಂಗಿ ನಿಂತಿತು ಎನಿಸಿದ ಮೇಲೆ ಸೈಕಲನ್ನು ಸಿಮೆಂಟ್ ನೆಲದ ಮೇಲೆ ನೇರ ನಿಲ್ಲಿಸಿ, ಮೇಸ್ತ್ರಿಯ ತೂಗುಗುಂಡು ತಂದು ಸೀಟಿನ ಮೂಗಿನಿಂದ ಇಳಿಬಿಡಿ. ನೂಲು ಪೆಡಲ್ ಅಚ್ಚಿನ ನಡುವಿನಿಂದ ಎಷ್ಟು ಹಿಂದೆ ಬೀಳುತ್ತದೆ, ಹ್ಯಾಂಡಲಿನ ನಡುಭಾಗ ಅದೇ ಅಚ್ಚಿನಿಂದ ಎಷ್ಟು ಮುಂದೆ, ಎಷ್ಟು ಮೇಲೆ, ಇವುಗಳನ್ನು ಮಿಲಿಮೀಟರಿನಲ್ಲಿ ಬರೆದಿಡಿ. ಕಟ್ಟುವವರು ಅಮೆರಿಕದವರಾಗಲಿ ಚೀನಾದವರಾಗಲಿ, ನೀವು ಕಳುಹಿಸಬೇಕಾದ್ದು ಈ ಅಂಕಿಗಳನ್ನು. ಬರಿಯ ಎತ್ತರ, ತೂಕ, ಕೈಯುದ್ದ ಕಳುಹಿಸಿದರೆ ಅವರು ತಮ್ಮ ಕಂಪ್ಯೂಟರಿನಲ್ಲಿ ಯಾರೋ ಸರಾಸರಿ ಮನುಷ್ಯನಿಗೆ ಸೈಕಲ್ ಕಟ್ಟುತ್ತಾರೆ.

ಅವರ ನಕ್ಷೆಯಲ್ಲಿ ಎರಡು ಶಬ್ದ ಮುಖ್ಯ, ಸ್ಟ್ಯಾಕ್ ಮತ್ತು ರೀಚ್. ಪೆಡಲ್ ಅಚ್ಚಿನ ನಡುವಿನಿಂದ ಹೆಡ್ ಟ್ಯೂಬಿನ (ಫ್ರೇಮಿನ ಮುಂದೆ ಹ್ಯಾಂಡಲ್ ಕೂರುವ ಗಿಡ್ಡ ಪೈಪಿನ) ನೆತ್ತಿಗೆ ನೇರ ಮೇಲಕ್ಕೆ ಎಷ್ಟು ಎಂಬುದು ಸ್ಟ್ಯಾಕ್, ನೇರ ಮುಂದಕ್ಕೆ ಎಷ್ಟು ಎಂಬುದು ರೀಚ್. ಮೇಲಿನ ಪೈಪಿನ, ಎಂದರೆ ಟಾಪ್ ಟ್ಯೂಬಿನ ಉದ್ದ ನೋಡಿ ಹೋಲಿಸುವ ಹಳೆಯ ಅಭ್ಯಾಸ ಬಿಡಿ, ಅದು ಮೋಸ ಮಾಡುತ್ತದೆ. ಸ್ಟ್ಯಾಕ್ 535, ರೀಚ್ 385 ಇರುವ ಫ್ರೇಮಿನಲ್ಲಿ ಸೀಟ್ ಟ್ಯೂಬಿನ ಕೋನ 73 ಡಿಗ್ರಿ ಇದ್ದರೆ ಟಾಪ್ ಟ್ಯೂಬ್ 549 ಮಿ.ಮೀ. ಬರುತ್ತದೆ. ಕೋನ 74 ಮಾಡಿದರೆ 538. ಕೈಗೂ ಪೆಡಲಿಗೂ ಇರುವ ಸಂಬಂಧ ಒಂದಿಷ್ಟೂ ಬದಲಾಗಿಲ್ಲ, ಕಾಗದದಲ್ಲಿ ಮಾತ್ರ ಒಂದು ಸೈಜ್ ಕಡಿಮೆಯಾದ ಹಾಗೆ ಕಾಣುತ್ತದೆ.

ನಕ್ಷೆಯಲ್ಲಿ ನೀವು ಹಟ ಹಿಡಿದು ಕೇಳಬೇಕಾದ್ದು ಇನ್ನೊಂದು ಉಂಟು. ನಿಮ್ಮ ಇಂದಿನ ಭಂಗಿ 100 ಮಿ.ಮೀ. ಸ್ಟೆಮ್, ಅದರ ಅಡಿಗೆ 20 ಮಿ.ಮೀ. ಸ್ಪೇಸರ್ ಬಳೆ ಇಟ್ಟು ಬರುವ ಹಾಗೆ ಫ್ರೇಮ್ ಮಾಡಿಸಿ. ಸ್ಪೇಸರೇ ಇಲ್ಲದೆ ಬಿಗಿಯಾಗಿ ಕೂತರೆ ಫೋಟೋದಲ್ಲಿ ಚಂದ. ಆದರೆ 56ನೇ ವಯಸ್ಸಿನಲ್ಲಿ ಹ್ಯಾಂಡಲ್ ಒಂದಿಂಚು ಮೇಲೆ ಬೇಕಾಗುತ್ತದೆ, ಬೇಡವೆನ್ನುವವರನ್ನು ನಾನು ಕಂಡಿಲ್ಲ. ಎರಡೂ ಕಡೆಗೆ ಸರಿಯಲು ಜಾಗ ಇರಲಿ. ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲಿನ) ಕಾಂಡವನ್ನು ಮೊದಲ ದಿನವೇ ಗಿಡ್ಡ ಕತ್ತರಿಸಬೇಡಿ.

ಮುಂದಿನ ಚಕ್ರದ ವಿಷಯ ಸ್ವಲ್ಪ ಲೆಕ್ಕದ್ದು, ಆದರೂ ಹೇಳುತ್ತೇನೆ. ಹ್ಯಾಂಡಲ್ ತಿರುಗುವ ಗೆರೆಯನ್ನು ನೆಲದವರೆಗೆ ಎಳೆದರೆ, ಟಯರು ನೆಲಕ್ಕೆ ತಾಗುವ ಜಾಗ ಆ ಗೆರೆಯಿಂದ ಎಷ್ಟು ಹಿಂದೆ ಇದೆ ಎಂಬುದಕ್ಕೆ ಟ್ರೇಲ್ ಎನ್ನುತ್ತಾರೆ. ಹೆಡ್ ಟ್ಯೂಬಿನ ಕೋನ 73.5 ಡಿಗ್ರಿ, ಫೋರ್ಕಿನ ಬಾಗು 43 ಮಿ.ಮೀ. ಇದ್ದರೆ ಟ್ರೇಲ್ ಸುಮಾರು 56 ಮಿ.ಮೀ. ಇದು ರೇಸಿನ ಚುರುಕು. ಕೋನ 72, ಬಾಗು 45 ಆದರೆ ಸುಮಾರು 63. ರಾತ್ರಿ ಎರಡು ಗಂಟೆಗೆ ತೂಕಡಿಸುತ್ತಾ ಹೋಗುವವರಿಗೆ ಈ ಎರಡನೆಯದೇ ಹಿತ, ಸೈಕಲ್ ತಾನಾಗಿ ನೆಟ್ಟಗೆ ಹೋಗುತ್ತದೆ. ಕೋನ ಸ್ವಲ್ಪ ಮಲಗಿದರೆ ಮುಂದಿನ ಚಕ್ರವೂ ದೂರ ಹೋಗುತ್ತದೆ, ಸಣ್ಣ ಫ್ರೇಮಿನಲ್ಲಿ ಬೂಟಿನ ತುದಿ ಮಡ್‌ಗಾರ್ಡಿಗೆ ತಾಗುವ ಕಾಟ ತಪ್ಪುತ್ತದೆ. ಫೋರ್ಕ್ ಕಾರ್ಬನ್ನಿನದ್ದೇ ಇರಲಿ, ಟೈಟಾನಿಯಂ ಫೋರ್ಕ್ ಭಾರವೂ ಹೌದು, ಬ್ರೇಕ್ ಹಿಡಿದಾಗ ಬಾಗುವುದೂ ಹೆಚ್ಚು. ಯಾವ ಫೋರ್ಕ್ ಎಂಬುದು ನಕ್ಷೆಗೆ ಮೊದಲೇ ತೀರ್ಮಾನವಾಗಿರಬೇಕು. ಆಮೇಲೆ ಹತ್ತು ಮಿಲಿಮೀಟರ್ ಉದ್ದದ ಬೇರೆ ಫೋರ್ಕ್ ತಂದು ಹಾಕಿದರೆ ಕೋನ ಅರ್ಧ ಡಿಗ್ರಿ ಕೆಡುತ್ತದೆ.

ಈಗ ಲೋಹಕ್ಕೆ ಬರುವ. ನಿಮಗೆ ದೋಟಿಯ ಅನುಭವ ಇರುವುದರಿಂದ ಹೇಳುವುದು ಸುಲಭ. ಅಡಿಕೆಗೆ ಮದ್ದು ಬಿಡುವ ಕಾರ್ಬನ್ ದೋಟಿಯಲ್ಲಿ ಬುಡದ ಕೊಳವೆ ದಪ್ಪ, ತುದಿಯದ್ದು ಸಪೂರ. ಬುಡ ಸಪೂರವಾದರೆ ಎತ್ತಿದ ಕೂಡಲೇ ಬಾಗುತ್ತದೆ. ಸೈಕಲ್ ಪೈಪಿಗೂ ಅದೇ ನಿಯಮ. ಗೋಡೆಯ ದಪ್ಪ ಅಷ್ಟೇ ಇಟ್ಟು ವ್ಯಾಸ ಎರಡು ಪಟ್ಟು ಮಾಡಿದರೆ ಬಿಗಿ (ಬಾಗದೆ ನಿಲ್ಲುವ ಗುಣ) ಸುಮಾರು ಎಂಟು ಪಟ್ಟಾಗುತ್ತದೆ. ಟೈಟಾನಿಯಂ ಸಾಂದ್ರತೆಯಲ್ಲಿ ಉಕ್ಕಿಗಿಂತ ಬಹಳ ಹಗುರ, ಘನ ಸೆಂಟಿಮೀಟರಿಗೆ 4.5 ಗ್ರಾಂ, ಉಕ್ಕು 7.85. ಆದರೆ ಅದರ ಬಿಗಿಯೂ ಉಕ್ಕಿನ ಅರ್ಧ ಮಾತ್ರ. ಹಾಗಾಗಿ ಉಕ್ಕಿನ ಫ್ರೇಮಿನ ಸಪೂರ ಪೈಪುಗಳನ್ನೇ ಟೈಟಾನಿಯಮ್ಮಿನಲ್ಲಿ ಮಾಡಿದರೆ ಏರಿನಲ್ಲಿ ಎದ್ದು ತುಳಿದಾಗ ಹಾವಿನ ಹಾಗೆ ಹೊರಳುತ್ತದೆ. ಟೈಟಾನಿಯಂ ಮೆತ್ತಗೆ ಎಂಬ ಮಾತಿನ ಬೇರು ಇಲ್ಲಿ. ಮೆತ್ತಗೋ ಗಡಸೋ ಎಂದು ತೀರ್ಮಾನಿಸುವುದು ವ್ಯಾಸ. ನಿಮ್ಮ ತೂಕಕ್ಕೆ ಡೌನ್ ಟ್ಯೂಬ್ (ಹೆಡ್ ಟ್ಯೂಬಿನಿಂದ ಪೆಡಲ್ ಅಚ್ಚಿಗೆ ಇಳಿಯುವ ಪೈಪ್) 38 ಮಿ.ಮೀ. ಸರಿ. 35ಕ್ಕೆ ಹೋಲಿಸಿದರೆ ಇದು ಕಾಲು ಪಾಲಿಗಿಂತಲೂ ಹೆಚ್ಚು ಬಿಗಿ. 44 ನಿಮಗೆ ಬೇಡ. ಅದು ತೊಂಬತ್ತು ಕಿಲೋದವರಿಗೆ, ಇಲ್ಲವೇ ಕೊನೆಯ ಇನ್ನೂರು ಮೀಟರ್ ಸಿಡಿಯುವವರಿಗೆ.

ಗ್ರೇಡಿನ ಜಗಳ ಇದಕ್ಕಿಂತ ಸಣ್ಣದು. 3-2.5 ಎಂದರೆ ಶೇ. 3 ಅಲ್ಯುಮಿನಿಯಂ, ಶೇ. 2.5 ವನೇಡಿಯಂ ಬೆರೆತದ್ದು, ಗ್ರೇಡ್ 9. ವಿಮಾನದ ಹೈಡ್ರಾಲಿಕ್ ಕೊಳವೆಗಳಿಗೆ ಬಳಸುವ ಮಿಶ್ರಲೋಹ ಇದು, ಹೊಲಿಗೆಯಿಲ್ಲದ ಪೈಪಾಗಿ ಚೆನ್ನಾಗಿ ಎಳೆಯಬಹುದು. 6-4 ಗ್ರೇಡ್ 5. ಶಕ್ತಿ ಹೆಚ್ಚು, ಪೈಪ್ ಎಳೆಯುವುದು ಕಷ್ಟ, ಆದ್ದರಿಂದ 6-4 ಪೈಪುಗಳಲ್ಲಿ ಹಲವು ತಗಡನ್ನು ಸುತ್ತಿ ಉದ್ದಕ್ಕೆ ಬೆಸೆದವು. ಬಿಗಿ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. 6-4 ಎಂದು ಹೆಚ್ಚು ದುಡ್ಡು ಕೊಟ್ಟರೆ ತುಳಿಯುವಾಗ ನಿಮಗೆ ಗೊತ್ತಾಗುವ ವ್ಯತ್ಯಾಸ ಇಲ್ಲ. ಪೈಪುಗಳು 3-2.5, ಚಕ್ರ ಕೂರುವ ಕಿವಿಗಳು 6-4, ಇದು ಅನೇಕ ಒಳ್ಳೆಯ ಕಟ್ಟುಗರು ಮಾಡುವ ಕ್ರಮ, ನಿಮಗೂ ಅದೇ ಸಾಕು. ಒಳಗೋಡೆಯನ್ನು ನಡುವೆ ತೆಳು ಮಾಡಿದ ಪೈಪುಗಳಿಗೂ ಹೆಚ್ಚು ಕೊಡಬೇಡಿ. ನೂರಿನ್ನೂರು ಗ್ರಾಂ ಉಳಿಯುತ್ತದೆ, ಅಷ್ಟನ್ನು ನಾವು ಗೋಳಿಬಜೆಯಲ್ಲಿ ವಾಪಸು ಪಡೆಯುತ್ತೇವೆ.

1970ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಟೆಲಿಡೈನ್ ಟೈಟನ್ ಎಂಬ ಸೈಕಲ್ ಮಿಶ್ರಣವಿಲ್ಲದ ಟೈಟಾನಿಯಮ್ಮಿನದ್ದು. ಬಿರುಕು ಬಿಡುವ ಹೆಸರು ಅದಕ್ಕೆ ಅಂಟಿತು. 1986ರಲ್ಲಿ ಶುರುವಾದ ಮರ್ಲಿನ್, ಲೈಟ್‌ಸ್ಪೀಡ್ ಕಂಪೆನಿಗಳು 3-2.5 ಹಿಡಿದ ಮೇಲೆಯೇ ಈ ಲೋಹಕ್ಕೆ ಸೈಕಲಿನಲ್ಲಿ ಮರ್ಯಾದೆ ಬಂದದ್ದು. ಅಂದ ಹಾಗೆ ಟೈಟಾನಿಯಮ್ಮಿನ ಅದಿರು ನಮ್ಮ ಕೇರಳದಲ್ಲೂ ಉಂಟು, ಕೊಲ್ಲಂ ಬಳಿಯ ಚವರದ ಕಡಲ ಕರಿಮರಳು. ಅಲ್ಲಿ ಬಾಹ್ಯಾಕಾಶ ಕೆಲಸಕ್ಕೆಂದು ಟೈಟಾನಿಯಂ ಸ್ಪಂಜ್ (ಲೋಹದ ಮೊದಲ ಕಚ್ಚಾ ರೂಪ) ಮಾಡುವ ಘಟಕ 2011ರಿಂದ ಉಂಟು.

ಕಾರ್ಬನ್ ಕೆಟ್ಟದೆಂದು ನಾನು ಹೇಳುವುದಿಲ್ಲ. ಫ್ರೇಮ್ ಒಂದು ಕಿಲೋದ ಒಳಗೆ ಬರುತ್ತದೆ, ಟೈಟಾನಿಯಂ ಒಂದೂವರೆಯ ಆಸುಪಾಸು. ಆದರೆ ಕಾರ್ಬನ್ ಫ್ರೇಮ್ ಸಾಮಾನ್ಯವಾಗಿ ಅಚ್ಚಿನಲ್ಲಿ ಆಗುವಂಥದ್ದು, ಒಬ್ಬರ ಅಳತೆಗೆ ಮಾಡಿಸುವುದು ಬಹಳ ದುಬಾರಿ. ನಿಮ್ಮ ಸಮಸ್ಯೆ ಅಳತೆಯದ್ದು.

ನಕ್ಷೆಯ ನಂತರ ನೀವು ದುಡ್ಡು ಕೊಡುವುದು ಬೆಸುಗೆಗೆ. ಇದು ನಾನು ಅನ್ನ ತಿಂದ ಕೆಲಸ. ಸೈಕಲಿನ ಅಂಗಡಿ ಇಡುವ ಮೊದಲು ಹದಿನಾಲ್ಕು ವರ್ಷ ಗಲ್ಫಿನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳಲ್ಲಿ ವೆಲ್ಡರ್ ಆಗಿದ್ದೆ. ಅಲ್ಲಿ ಉಪ್ಪುನೀರು ಹರಿಯುವ ಕೊಳವೆಗಳು ಟೈಟಾನಿಯಮ್ಮಿನವು. ಮೊದಲ ದಿನದ ಕೆಲಸ ನೆನಪುಂಟು. ಅಸಿಟೋನ್ ಹಾಕಿ ಒರೆಸಿ, ಹೊಸ ಬಿಳಿ ಗ್ಲೌಸ್ ಹಾಕಿ, ಬಿಸಿ ಲೋಹಕ್ಕೆ ಗಾಳಿ ತಾಗದಂತೆ ಕೊಳವೆಯ ಒಳಗೂ ಆರ್ಗಾನ್ ಗ್ಯಾಸ್ ತುಂಬಿಸಿ ಶುರು ಮಾಡಿದೆ. ಗೆರೆ ಬೆಳ್ಳಿಯ ಹಾಗೆ ಬಂತು. ಕೊನೆಯಲ್ಲಿ ಸ್ಟೀಲಿನ ಅಭ್ಯಾಸದಲ್ಲಿ ಕಿಡಿ ಆರಿದ ಕೂಡಲೇ ಟಾರ್ಚ್ ಎತ್ತಿಬಿಟ್ಟೆ. ಆರ್ಗಾನಿನ ಹೊದಿಕೆ ಹೋಯಿತು, ಕೆಂಪಗಿದ್ದ ತುದಿ ಗಾಳಿ ಕುಡಿಯಿತು. ಅರ್ಧ ಇಂಚು ಜಾಗ ನನ್ನ ಕಣ್ಣೆದುರೇ ಹಳದಿಯಾಗಿ, ನೇರಳೆಯಾಗಿ, ನವಿಲಿನ ಕುತ್ತಿಗೆಯ ನೀಲಿಗೆ ತಿರುಗಿತು. ನನಗೆ ಚಂದ ಕಂಡಿತು. ಇನ್‌ಸ್ಪೆಕ್ಟರ್ ಬಂದು ಏನೂ ಹೇಳದೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದ, ನಡುವಿನದ್ದನ್ನು ಕತ್ತರಿಸಿ ಬಿಸಾಡಲಿಕ್ಕೆ.

ಬಿಸಿ ಟೈಟಾನಿಯಂ ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಂಡು ಬಿಸ್ಕೆಟಿನ ಹಾಗೆ ಪೆಡಸಾಗುತ್ತದೆ. ಆಮೇಲೆ ಅದರ ಮೇಲೆಯೇ ಮತ್ತೆ ಬೆಸೆದರೂ ಸರಿಯಾಗುವುದಿಲ್ಲ. ಬೆಳ್ಳಿ ಬಣ್ಣ ಉತ್ತಮ, ಒಣಹುಲ್ಲಿನ ತಿಳಿ ಹಳದಿ ಪರವಾಗಿಲ್ಲ, ನೀಲಿ ಸಂಶಯ, ಬೂದಿಯ ಹಾಗೆ ಬಿಳಿ ಪುಡಿ ಕಂಡರೆ ಫ್ರೇಮ್ ವಾಪಸು. ಗೇಟು, ಗ್ರಿಲ್ ಮಾಡುವ ನಮ್ಮ ವರ್ಕ್‌ಶಾಪುಗಳಲ್ಲೂ ಆರ್ಗಾನ್ ಸಿಲಿಂಡರ್ ಉಂಟು, ಕೈಕೆಲಸವೂ ಚೆನ್ನಾಗಿ ಉಂಟು. ಆದರೂ ಮುಂದೆ ಯಾವತ್ತಾದರೂ ಬಿರುಕು ಕಂಡರೆ ಅಲ್ಲಿಗೆ ಒಯ್ಯಬೇಡಿ. ಪೈಪಿನ ಒಳಗೆ ಗ್ಯಾಸ್ ತುಂಬಿಸದೆ ಮಾಡಿದ ಬೆಸುಗೆ ಹೊರಗೆ ಎಷ್ಟು ನುಣುಪಾಗಿದ್ದರೂ ಒಳಗೆ ಸುಟ್ಟಿರುತ್ತದೆ.

ಅಷ್ಟಾದ ಮೇಲೂ ನಮ್ಮ ಕಡೆ ಟೈಟಾನಿಯಂ ಬೇಕೆನ್ನಲು ನನ್ನ ಮಟ್ಟಿಗೆ ದೊಡ್ಡ ಕಾರಣ ಮಳೆ ಮತ್ತು ಉಪ್ಪುಗಾಳಿ. ಆಟಿ ತಿಂಗಳಲ್ಲಿ ಉಕ್ಕಿನ ಫ್ರೇಮಿನ ಬಣ್ಣ ಒಂದು ಕಡೆ ಕಿತ್ತರೆ ಸಾಕು, ತುಳುನಾಡಿನ ಹಂಚಿನ ಬಣ್ಣ ಬರುತ್ತದೆ. ಟೈಟಾನಿಯಮ್ಮಿಗೆ ಬಣ್ಣವೇ ಬೇಡ, ಹೊಳೆಯಲ್ಲಿ ಮುಳುಗಿಸಿಟ್ಟರೂ ಏನೂ ಆಗುವುದಿಲ್ಲ. ಇಲ್ಲೇ ಜನ ಎಡವುವುದು, ಫ್ರೇಮಿಗೆ ಏನೂ ಆಗುವುದಿಲ್ಲವಲ್ಲ ಎಂದು ಅದರೊಳಗೆ ತೂರಿಸಿದ್ದನ್ನು ಮರೆತುಬಿಡುತ್ತಾರೆ. ಟೈಟಾನಿಯಂ ಮತ್ತು ಅಲ್ಯುಮಿನಿಯಂ ಒಟ್ಟಿಗೆ ಉಪ್ಪುನೀರಿನಲ್ಲಿ ನೆನೆದರೆ ಒಂದು ಸಣ್ಣ ಬ್ಯಾಟರಿ ಆಗುತ್ತದೆ, ತಿಂದುಹೋಗುವುದು ಅಲ್ಯುಮಿನಿಯಂ. ಕಳೆದ ಮಳೆಗಾಲ ಮುಗಿದಾಗ ಒಬ್ಬರು ತಂದ ಸೈಕಲಿನಲ್ಲಿ ಅಲ್ಯುಮಿನಿಯಂ ಸೀಟ್‌ಪೋಸ್ಟ್ ಅಲುಗಾಡಲಿಲ್ಲ. ಮೂರು ದಿನ ಎಣ್ಣೆ ಬಿಟ್ಟೆ, ತಿರುಚಿದೆ, ಕೊನೆಗೆ ಪೋಸ್ಟನ್ನು ಕತ್ತರಿಸಿ, ಉಳಿದದ್ದನ್ನು ಒಳಗಿನಿಂದ ಗರಗಸದ ಅಲಗಿನಲ್ಲಿ ಸೀಳಿ, ಚಕ್ಕೆ ಚಕ್ಕೆಯಾಗಿ ತೆಗೆದೆ. ಒಳಗೆ ಸುಣ್ಣದ ಹಾಗೆ ಬಿಳಿ ಪುಡಿ. ಕಾರ್ಬನ್ ಪೋಸ್ಟಿಗೂ ಟೈಟಾನಿಯಮ್ಮಿಗೂ ಈ ಜಗಳ ಇಲ್ಲ, ಆದ್ದರಿಂದ 27.2 ಮಿ.ಮೀ. ಕಾರ್ಬನ್ ಪೋಸ್ಟ್ ಹಾಕಿ, ಸಪೂರವಾದ್ದರಿಂದ ಸ್ವಲ್ಪ ಬಳುಕಿ ಬೆನ್ನಿಗೂ ಹಿತ. ಗ್ರೀಸ್ ಬದಲು ಕಾರ್ಬನ್ ಪೇಸ್ಟ್ ಹಚ್ಚಿ. ಪೋಸ್ಟಿನ ತುದಿ ಟಾಪ್ ಟ್ಯೂಬಿನ ಬೆಸುಗೆಗಿಂತ ಕೆಳಗೆ ಇಳಿದಿರಲಿ. ಮೇಲೆಯೇ ನಿಂತರೆ ಸೀಟ್ ಟ್ಯೂಬಿನ ನೆತ್ತಿ ಬಿರುಕು ಬಿಡುವುದು ಹೀಗೆಯೇ. ಎರಡು ತಿಂಗಳಿಗೊಮ್ಮೆ ಎಳೆದು ಒರೆಸಿ ಮತ್ತೆ ಹಾಕಿ.

ನಿಮಗೆಂದೇ ಇನ್ನೊಂದು ಮಾತು. ಬೋರ್ಡೋ ದ್ರಾವಣದ ಪಂಪು, ಮೈಲುತುತ್ತಿನ ಚೀಲ ಇಡುವ ಕೊಟ್ಟಿಗೆಯಲ್ಲಿ ಸೈಕಲ್ ತೂಗುಹಾಕಬೇಡಿ. ತಾಮ್ರದ ಉಪ್ಪು ಅಲ್ಯುಮಿನಿಯಮ್ಮಿಗೆ ವಿಷ. ಫ್ರೇಮ್ ನಗುತ್ತಿರುತ್ತದೆ, ರಿಮ್ಮು ಮತ್ತು ಕ್ರ್ಯಾಂಕ್ ತೂತು ತೂತಾಗುತ್ತವೆ.

ಇದೇ ಮಳೆಯ ಕಾರಣಕ್ಕೆ ಬೇರೆ ಕೆಲವನ್ನು ಚರ್ಚೆಯಿಲ್ಲದೆ ಹೇಳಿಬಿಡುತ್ತೇನೆ. ಪೆಡಲ್ ಅಚ್ಚಿನ ಬೇರಿಂಗ್ ಸ್ಕ್ರೂವಿನ ಹಾಗೆ ಮರೆ ಇದ್ದು ತಿರುಗಿಸಿ ಕೂರಿಸುವ ಬಿ.ಎಸ್.ಎ. ಮಾದರಿಯದ್ದಾಗಲಿ. ಒತ್ತಿ ಕೂರಿಸುವ ಮಾದರಿ ನಮ್ಮ ಕೆಸರಿಗೆ ಕಿರುಗುಟ್ಟಲು ಹೆಚ್ಚು ದಿನ ಬೇಡ. ಡಿಸ್ಕ್ ಬ್ರೇಕ್. ಮಡ್‌ಗಾರ್ಡ್ ಹಾಕಿದ ಮೇಲೂ 32ರ ಟಯರ್ ಹಿಡಿಯುವಷ್ಟು ಜಾಗ, ಮಡ್‌ಗಾರ್ಡಿನ ಸ್ಕ್ರೂ ಕಣ್ಣುಗಳನ್ನು ಕಟ್ಟುವಾಗಲೇ ಬೆಸೆಯಿಸಿ. ಕೇಬಲ್ ಮತ್ತು ಬ್ರೇಕಿನ ಕೊಳವೆ ಡೌನ್ ಟ್ಯೂಬಿನ ಹೊರಗೆ ಇರಲಿ. ಈಗ ಎಲ್ಲವನ್ನೂ ಹ್ಯಾಂಡಲ್ ತಿರುಗುವ ಬೇರಿಂಗ್ ಜೋಡಣೆಯ, ಎಂದರೆ ಹೆಡ್‌ಸೆಟ್ಟಿನ ಒಳಗಿನಿಂದ ಅಡಗಿಸುವ ಫ್ಯಾಶನ್. ಅದರಲ್ಲಿ ಹೆಡ್‌ಸೆಟ್ಟಿನ ಬೇರಿಂಗ್ ಬದಲಿಸಬೇಕಾದರೆ ಬ್ರೇಕಿನ ಕೊಳವೆ ಬಿಚ್ಚಿ ಎಣ್ಣೆ ಮತ್ತೆ ತುಂಬಿಸಬೇಕು, ಮಳೆಗಾಲದ ನಂತರ ಆ ಬೇರಿಂಗ್ ಬದಲಿಸುವುದು ನಮ್ಮಲ್ಲಿ ವಾರ್ಷಿಕ ಕಾರ್ಯಕ್ರಮ.

ಹೆಡ್ ಟ್ಯೂಬ್ 44 ಮಿ.ಮೀ. ಹಾಕಿಸಿದರೆ ಬುಡ ದಪ್ಪದ ಫೋರ್ಕೂ ಹಿಡಿಯುತ್ತದೆ, ಆದರೆ ಕೆಳಗಿನ ಬಟ್ಟಲು ಹೊರಗೆ ಚಾಚಿ ನಿಲ್ಲುತ್ತದೆ, ಸುಮಾರು 12 ಮಿ.ಮೀ. ಕಾಞಂಗಾಡಿನ ಒಬ್ಬರ ನಕ್ಷೆಯಲ್ಲಿ ಈ 12 ಲೆಕ್ಕಕ್ಕೆ ಬಂದಿರಲಿಲ್ಲ. ಅವರು ನೋಡಲಿಲ್ಲ, ಕಟ್ಟಿದವರು ಹೇಳಲಿಲ್ಲ. ಫ್ರೇಮ್ ಬಂದು ಜೋಡಿಸಿದಾಗ ಮೂಗು ಮೇಲೆತ್ತಿ ನಿಂತಿತು. ನಿಮ್ಮ ನಕ್ಷೆಯಲ್ಲಿ ಫೋರ್ಕಿನ ಉದ್ದ ಮತ್ತು ಕೆಳಬಟ್ಟಲಿನ ಎತ್ತರ ಎರಡೂ ಅಂಕಿಯಾಗಿ ಬರೆದಿರಬೇಕು. ಬರೆದಿಲ್ಲದಿದ್ದರೆ ಒಪ್ಪಿಗೆ ಕೊಡಬೇಡಿ, ಕೇಳಿ ಬರೆಸಿ.

ಯಾರಲ್ಲಿ ಮಾಡಿಸುವುದು? ಅಮೆರಿಕದ ಮೂಟ್ಸ್, ಸೆವೆನ್, ಲಿನ್‌ಸ್ಕಿ ಹೆಸರಾಂತರು. ಮೊದಲ ಎರಡು ಕಡೆ ಫ್ರೇಮಿಗೇ ನಾಲ್ಕೈದು ಸಾವಿರ ಡಾಲರ್ ಇಟ್ಟುಕೊಳ್ಳಿ, ಮೂರು ಲಕ್ಷ ಅಲ್ಲಿಗೇ ಮುಗಿಯಿತು. ಚೀನಾದಲ್ಲಿ ಬಾವೋಜಿ ಎಂಬ ಊರೇ ಟೈಟಾನಿಯಮ್ಮಿನದ್ದು, ಶಿಯಾಮೆನ್ನಿನ ವಾಲ್ಟ್ಲಿಯಂಥವರು ಅಳತೆಗೆ ಕಟ್ಟಿಕೊಡುತ್ತಾರೆ, ಬೆಲೆ ಬಹಳ ಕಡಿಮೆ. ವ್ಯತ್ಯಾಸ ಎಲ್ಲಿ ಎಂದರೆ, ದುಬಾರಿಯವರು ನಿಮ್ಮ ನಕ್ಷೆಯೊಂದಿಗೆ ವಾದ ಮಾಡುತ್ತಾರೆ, ಅಗ್ಗದವರು ಕೇಳಿದ್ದನ್ನು ಕೇಳಿದ ಹಾಗೆ ಮಾಡಿ ಕಳುಹಿಸುತ್ತಾರೆ. ನಾಲ್ಕು ತಿಂಗಳು ಹಳೆಯ ಸೈಕಲಿನ ಮೇಲೆ ಬೆವರು ಸುರಿಸಿ ಅಂಕಿ ಸಿದ್ಧ ಮಾಡಿಕೊಂಡವರಿಗೆ ಚೀನಾ ಸಾಕು. ಅದಕ್ಕೇ ಅಷ್ಟು ಉದ್ದ ಹೇಳಿದ್ದು. ಬೆಲೆ ಕೇಳುವಾಗ ಕಸ್ಟಮ್ಸ್ ಸುಂಕ, ಜಿ.ಎಸ್.ಟಿ., ಕೊರಿಯರ್ ಸೇರಿಸಿ ಮನೆಬಾಗಿಲಿಗೆ ಎಷ್ಟು ಎಂದು ಲೆಕ್ಕ ಹಾಕಿ. ಜೀವಮಾನದ ಗ್ಯಾರಂಟಿ ಎಂದರೆ ಬಿರುಕು ಬಿಟ್ಟ ಫ್ರೇಮನ್ನು ಅಲ್ಲಿಗೆ ಕಳುಹಿಸುವ ಖರ್ಚು ಯಾರದ್ದು ಎಂದೂ ಕೇಳಿಡಿ.

ಪೆಟ್ಟಿಗೆ ಬಂದ ದಿನ ಜೋಡಿಸಲು ಅವಸರ ಬೇಡ. ಪೆಡಲ್ ಅಚ್ಚಿನ ತೂತಿನ ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ಬೆಸುಗೆಯ ಒಳಬದಿ ನೋಡಿ. ಹೊರಗಿನ ಬಣ್ಣವನ್ನು ತಿಕ್ಕಿ ತೆಗೆಯಬಹುದು, ಒಳಗೆ ಬ್ರಷ್ ಹೋಗುವುದಿಲ್ಲ. ಆಮೇಲೆ ಗಾಳದ ನೂಲು ತೆಗೆದುಕೊಂಡು ಹಿಂದಿನ ಒಂದು ಕಿವಿಗೆ ಕಟ್ಟಿ, ಹೆಡ್ ಟ್ಯೂಬನ್ನು ಸುತ್ತಿಸಿ ತಂದು ಇನ್ನೊಂದು ಕಿವಿಗೆ ಬಿಗಿಯಾಗಿ ಕಟ್ಟಿ. ಸೀಟ್ ಟ್ಯೂಬಿನಿಂದ ಎಡದ ನೂಲಿಗೆ ಎಷ್ಟು, ಬಲದ ನೂಲಿಗೆ ಎಷ್ಟು ಅಳೆಯಿರಿ. ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ ಕ್ಷಮೆ ಉಂಟು. ಮೂರಾದರೆ ಫೋಟೋ ತೆಗೆದು ಅವತ್ತೇ ಕಳುಹಿಸಿ.

ಕನ್ನಡದಲ್ಲಿ ಹೆಸರು ಖಂಡಿತ ಬರೆಸಬಹುದು, ಬರೆಸಿ. ಟೈಟಾನಿಯಮ್ಮನ್ನು ದ್ರಾವಣದಲ್ಲಿ ಅದ್ದಿ ವಿದ್ಯುತ್ ಹಾಯಿಸಿದರೆ ವೋಲ್ಟೇಜಿಗೆ ತಕ್ಕ ಹಾಗೆ ಹೊನ್ನಿನ ಬಣ್ಣ, ನೇರಳೆ, ನೀಲಿ ಬರುತ್ತವೆ. ಬೆಸುಗೆಯಲ್ಲಿ ನನ್ನನ್ನು ಬೈಸಿಕೊಳ್ಳುವಂತೆ ಮಾಡಿದ ಅದೇ ನವಿಲಿನ ನೀಲಿ. ಆದರೆ ಇಲ್ಲಿ ಲೋಹ ಬಿಸಿಯಾಗುವುದಿಲ್ಲ, ಆದ್ದರಿಂದ ಕೆಡುವುದಿಲ್ಲ. ಹೆಸರನ್ನು ಟೈಪ್ ಮಾಡಿ ಕಳುಹಿಸಬೇಡಿ, ಚಿತ್ರವಾಗಿ ಕಳುಹಿಸಿ. ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರ ಬಿಡಿಸಿಹೋಗುತ್ತದೆ. ನನ್ನದೇ ಫ್ರೇಮಿನ ನಕ್ಷೆ ಬಂದಾಗ ‘ಚಂದ್ರಗಿರಿ’ಯ ರ ಒತ್ತು ಕಳಚಿ ಪಕ್ಕಕ್ಕೆ ಬಂದು ‘ಚಂದ್‌ರಗಿರಿ’ ಎಂದು ಕೂತಿತ್ತು. ಹೆಡ್ ಕೋನವನ್ನು ನಾಲ್ಕು ಸಲ ನೋಡಿದವನಿಗೆ ಅದು ಕಾಣಲಿಲ್ಲ. ಆರನೇ ಕ್ಲಾಸಿನ ಮಗಳು ಹಿಂದಿನಿಂದ ಇಣುಕಿ, ಅಪ್ಪಾ ಸ್ಪೆಲ್ಲಿಂಗ್ ತಪ್ಪು ಎಂದಳು.